ಮದುಮಗಳಿಗೆ ಹತ್ತಿದ ಎಣ್ಣೆ

ಜಾಲಿಗುಡ್ಡ ಕ್ರಾಸಿನಲ್ಲಿ ಕೂರಲಿಕ್ಕೊಂದು ಜಾಗ ಬೇಕೆಂದು ಹೋರಾಡಿದ ಮಹಾನಾಯಕನ ಹೆಸರು ದುರುಗಪ್ಪ. ಹಾಗಂತ ಹೇಳುತ್ತಿದ್ದವನೂ ದುರುಗಪ್ಪನೇ. ಬೇರೆ ಯಾರೂ ಹೇಳದಿದ್ದ ಮೇಲೆ ಇನ್ನೇನು ಮಾಡುವುದು, ತನ್ನ ಡಂಗುರ ತಾನೇ ಹೊಡೆದುಕೊಳ್ಳಬೇಕಾಯಿತು. ಅವನ ಅಪ್ಪ ಊರಿನ ಡಂಗುರ ಹೊಡೆಯುತ್ತಿದ್ದವನು, ಹಾಗಾಗಿ ಕೈಗೆ ಅಭ್ಯಾಸವಿತ್ತು.

ಕ್ರಾಸು ಇರುವುದು ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ. ಅಲ್ಲೊಂದು ಬೇವಿನ ಮರ, ಮರದ ಸುತ್ತ ಕಟ್ಟೆ. ಎದುರಿಗೆ ತಿಪ್ಪೇಸ್ವಾಮಿಯ ಚಹಾದಂಗಡಿ, ಅಂಗಡಿಯ ಮುಂದೊಂದು ಬೆಂಚು. ಕಟ್ಟೆಯ ಮೇಲೆ ಊರವರು ಕೂರುತ್ತಾರೆ. ಬೆಂಚಿನ ಮೇಲೂ ಊರವರೇ ಕೂರುತ್ತಾರೆ. ಕೇರಿಯವರು ನಿಲ್ಲುತ್ತಾರೆ. ಕೂರಬಾರದು ಅಂತ ಯಾರೂ ಬೋರ್ಡು ಹಾಕಿಲ್ಲ. ಒಂದು ಸಲ ದುರುಗಪ್ಪ ಕಾಲು ಸೋತು ಆ ಕಟ್ಟೆಯ ತುದಿಗೆ ಕುಂಡಿ ಊರಿದ್ದ. ಯಾರೂ ಏನೂ ಅನ್ನಲಿಲ್ಲ. ಮರುದಿನ ವಿರೂಪಾಕ್ಷಿಗೌಡರ ಟ್ಯಾಂಕರ್ ಬಂದು ಕಟ್ಟೆ ತೊಳೆದು ಹೋಯಿತು. ಕೇರಿಯವರು ಕುಡಿಯುವ ನೀರು ಕೇಳಿದಾಗೆಲ್ಲ ರಿಪೇರಿಯಲ್ಲಿರುತ್ತಿದ್ದ ಟ್ಯಾಂಕರ್ ಅದು. ತನ್ನ ಕುಂಡಿಗೆ ಇಷ್ಟು ಶಕ್ತಿ ಇದೆಯೆಂದು ಮೊದಲೇ ಗೊತ್ತಿದ್ದರೆ ಪ್ರತಿ ಬೇಸಿಗೆಗೂ ಅಲ್ಲೇ ಕೂತು ನೀರು ತರಿಸುತ್ತಿದ್ದೆ ಎಂದು ದುರುಗಪ್ಪ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ನಗದೆ ಹೇಳಲಿಕ್ಕೆ ಅವನಿಗೆ ಆಗುತ್ತಿರಲಿಲ್ಲ.

ಅವನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ ಚೀಲ ಹೊರುವುದು. ಕತ್ತಿನ ಹಿಂದೆ ಗೋಣಿ ಉಜ್ಜಿ ಉಜ್ಜಿ ಚರ್ಮ ದಪ್ಪವಾಗಿ ಸತ್ತುಹೋಗಿತ್ತು. ತೌಡಿನ ಧೂಳು ಮೂಗಿನಲ್ಲಿ, ಕಿವಿಯಲ್ಲಿ, ಕಣ್ಣಿನ ಮೂಲೆಯಲ್ಲಿ. ತಲೆಗೆ ಕೈತುಂಬ ಎಣ್ಣೆ ಹಚ್ಚದಿದ್ದರೆ ಕೂದಲು ಗಂಟುಕಟ್ಟುತ್ತಿತ್ತು. ಸಂಜೆ ಬಸ್ಸಿಳಿದರೆ ಕ್ರಾಸಿನಿಂದ ಕೇರಿಗೆ ನಡೆಯುವ ಮುಂಚೆ ಒಂದು ಗಳಿಗೆ ಕೂರಬೇಕು ಅನ್ನಿಸುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ರಾಜ್ಯ ಕೇಳಿರಲಿಲ್ಲ.

ಮೊಣಕಾಲು ಅವನ ಇನ್ನೊಂದು ಕಥೆ. ಗೌಡರ ಬುಲೆಟ್ ಸದ್ದು ಕೇಳಿದರೆ ಸಾಕು, ದುರುಗಪ್ಪ ಎಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರೂ ಅವು ತಾವೇ ಎದ್ದುಬಿಡುತ್ತಿದ್ದವು. ಮನಸ್ಸು ಬೇಡವೆನ್ನುತ್ತಿತ್ತು, ಮೊಣಕಾಲು ಕೇಳುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಜಯಂತಿ ದಿನ ಮೈಕ್ ಹಿಡಿದು ಗುಡುಗಿದ ಮನುಷ್ಯ ಅದೇ ಸಂಜೆ ಗೌಡರ ಗಾಡಿಗೆ ಎದ್ದು ನಿಂತಿದ್ದ. ಸಂವಿಧಾನ ನಿನ್ನ ಬಾಯಿತನಕ ಬಂದೈತಿ, ಮೊಣಕಾಲಿಗೆ ಇಳಿದಿಲ್ಲ ಎಂದು ಹೆಂಡತಿ ಅಂಬಮ್ಮ ಕೇರಿಯ ಹೆಂಗಸರೆಲ್ಲರ ಎದುರಿಗೆ ಹೇಳಿದ್ದಳು. ಅವಳು ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ದಿನವಿಡೀ ಕೂತು ಪ್ಯಾಂಟುಗಳ ದಾರ ಕತ್ತರಿಸುವವಳು. ನಾಲಿಗೆಯೂ ಅದೇ ಕತ್ತರಿಯ ಹಾಗೆಯೇ ಇತ್ತು.

ಬಸ್ ಶೆಲ್ಟರ್ ಕೊಡಿ ಎಂದು ಅವನು ಬಳ್ಳಾರಿಗೆ ತಿರುಗಿದ್ದಕ್ಕೆ ಲೆಕ್ಕವಿಲ್ಲ. ಕೂಲಿ ಬಿಟ್ಟು ಹೋಗುವುದು, ಆಫೀಸಿನ ವರಾಂಡದಲ್ಲಿ ನಿಲ್ಲುವುದು, ಅನುದಾನ ಇಲ್ಲ ಅನ್ನಿಸಿಕೊಂಡು ಬರುವುದು. ಕೂರುವ ಜಾಗ ಕೇಳಲಿಕ್ಕೆ ಇಷ್ಟು ಹೊತ್ತು ನಿಂತ ಮನುಷ್ಯ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ ಎಂಬುದು ಅವನ ಹೆಮ್ಮೆ. ಕಡೆಗೊಬ್ಬ ಸಾಹೇಬರು ದಾರಿ ತೋರಿಸಿದರು. ಈಗೆಲ್ಲ ಸರ್ಕಾರ ಕಟ್ಟಿಸುವುದಿಲ್ಲ, ಜಾಹೀರಾತು ಏಜೆನ್ಸಿಯವರು ಕಟ್ಟಿಸುತ್ತಾರೆ. ಅದರ ಮೇಲೆ ಅವರ ಜಾಹೀರಾತು ಹಾಕಿಕೊಳ್ಳುತ್ತಾರೆ. ನಮಗೂ ಖರ್ಚಿಲ್ಲ, ನಿಮಗೂ ಖರ್ಚಿಲ್ಲ ಎಂದರು. ದುರುಗಪ್ಪ ಕೈ ಮುಗಿದ. ಇಬ್ಬರಿಗೂ ಖರ್ಚಿಲ್ಲದೆ ಬರುವ ವಸ್ತು ಕಡೆಗೆ ಯಾರದಾಗುತ್ತದೆ ಎಂದು ಕೇಳುವ ಬುದ್ಧಿ ನಮ್ಮ ನಾಯಕನಿಗೆ ಅವತ್ತು ಹೊಳೆಯಲಿಲ್ಲ.

ಏಜೆನ್ಸಿಯಿಂದ ಬಂದವರು ವಿಶ್ವಪ್ರಿಯ. ಬಳ್ಳಾರಿ ಕಂಟೋನ್ಮೆಂಟ್ ಕಡೆಯವರು, ಹಣೆಯ ಮೇಲೆ ತೆಳ್ಳಗೆ ಅಂಗಾರ, ಇಸ್ತ್ರಿ ಶರ್ಟು, ಬೆಣ್ಣೆಯಂಥ ಮಾತು. ಕಾರಿನಿಂದ ಇಳಿದವರೇ ದುರುಗಪ್ಪನವರು ಯಾರು ಎಂದು ಕೇಳಿದರು. ಅಪ್ಪ ಇಟ್ಟ ಹೆಸರಿಗೆ 'ಅವರು' ಅಂಟಿದ್ದನ್ನು ದುರುಗಪ್ಪ ಮೊದಲ ಸಲ ಕೇಳಿದ್ದು. ಅಲ್ಲಿಗೆ ಅವನ ಕಥೆ ಮುಗಿಯಿತು. ಆಮೇಲೆ ಅವರು ಬಾವಿಗೆ ಬೀಳು ಎಂದಿದ್ದರೂ ಬೀಳುತ್ತಿದ್ದ. ಬಸ್ಸು ನಿಲ್ಲುವುದು ಬೇವಿನ ಮರದ ಹತ್ತಿರ. ವಿಶ್ವಪ್ರಿಯರು ಟೇಪು ಹಿಡಿದದ್ದು ಅಷ್ಟು ದೂರದ ತಿರುವಿನಲ್ಲಿ. ಬಸ್ಸು ಇಲ್ಲಿ ನಿಲ್ಲತೈತಿ ಸಾರ್ ಎಂದು ದುರುಗಪ್ಪ ಹಲ್ಲು ಕಿರಿದ. ವಿಶ್ವಪ್ರಿಯರು ನಕ್ಕು ಹೇಳಿದರು:

"ಬಸ್ಸು ಎಲ್ಲಿ ಬೇಕಾದ್ರೂ ನಿಲ್ಲತದರಿ ದುರುಗಪ್ಪನವರೆ. ಕಾರಿನ್ಯಾಗ ಹೋಗೋರ ಕಣ್ಣು ಎಲ್ಲಿ ನಿಲ್ಲತದ ಅನ್ನೋದು ನೋಡಬೇಕು ನಾವು."

ಓದಿದವರು ಹೇಳಿದ ಮೇಲೆ ಸರಿಯೇ ಇರಬೇಕೆಂದುಕೊಂಡು ದುರುಗಪ್ಪ ಟೇಪಿನ ಇನ್ನೊಂದು ತುದಿ ಹಿಡಿದ.

ಶೆಲ್ಟರ್ ಎದ್ದು ನಿಂತಿತು. ಕೆಂಪು ತಗಡಿನ ಚಾವಣಿ, ಫಳಫಳ ಸ್ಟೀಲಿನ ಉದ್ದನೆಯ ಬೆಂಚು. ಬೆಂಚಿನ ಹಿಂದೆ ಗೋಡೆಯಿಲ್ಲ, ಗೋಡೆಯ ಜಾಗದಲ್ಲಿ ಒಬ್ಬ ಮದುಮಗಳು. ಬಳ್ಳಾರಿಯ ಯಾವುದೋ ಒಡವೆ ಅಂಗಡಿಯ ಜಾಹೀರಾತು ಅದು. ತಲೆಯಿಂದ ಸೊಂಟದವರೆಗೆ ಬಂಗಾರ, ಹುಡುಗಿ ಎಲ್ಲಿದ್ದಾಳೆಂದು ಹುಡುಕಬೇಕು. ರಾತ್ರಿ ಅವಳ ಮೇಲೆ ದೀಪ ಬೇರೆ. ಕೇರಿಯ ದಾರಿಗೆ ಇಲ್ಲದ ದೀಪ.

ಉದ್ಘಾಟನೆಗೆ ಗೌಡರೇ ಟೇಪು ಕತ್ತರಿಸಿದರು. ಕತ್ತರಿ ಇಟ್ಟ ತಟ್ಟೆ ಹಿಡಿಯುವ ಕೆಲಸ ದುರುಗಪ್ಪನಿಗೆ ಸಿಕ್ಕಿತು. ಇಷ್ಟು ವರ್ಷ ಹೋರಾಡಿದವನಿಗೆ ದೊರೆತ ಪದವಿ ಅದು, ಅವನು ಅದನ್ನೂ ಎದೆಯುಬ್ಬಿಸಿಕೊಂಡೇ ಹಿಡಿದಿದ್ದ. ಫೋಟೋದಲ್ಲಿ ತಟ್ಟೆ ಬಂತು, ಎರಡು ಹೆಬ್ಬೆರಳು ಬಂದವು. ಅವು ನನ್ನವೇ ಎಂದು ಮನೆಯಲ್ಲಿ ತೋರಿಸಿದ. ಕೇರಿಯ ಮುದುಕಿಯರು ಚಪ್ಪಲಿ ಹೊರಗೆ ಬಿಟ್ಟು ಶೆಲ್ಟರ್ ಒಳಗೆ ಕಾಲಿಟ್ಟರು. ಒಬ್ಬಿಬ್ಬರು ಮದುಮಗಳಿಗೆ ಕೈ ಮುಗಿದು ಕೆನ್ನೆ ಬಡಿದುಕೊಂಡರು. ದುರುಗಪ್ಪನಿಗೆ ಮೈಯೆಲ್ಲ ಉರಿಯಿತು. ಇದು ದೇವರಲ್ಲ, ಬಂಗಾರದಂಗಡಿಯದು, ತಿಳಿಗೇಡಿಗಳಾ ಎಂದು ಬೈದ. ಗೊತ್ತೈತಿ ಬಿಡು, ಅಷ್ಟು ಬಂಗಾರ ಹಾಕ್ಕೊಂಡಾಕಿ ಮುಂದ ಚಪ್ಪಲಿ ಮೆಟ್ಟಿಕೊಂಡು ಹ್ಯಾಂಗ ಹೋಗೂದು ಎಂದಳು ಅಂಬಮ್ಮ.

ಮೊದಲ ಸಂಜೆ ಅವನು ಅಲ್ಲಿ ಕೂತದ್ದನ್ನು ಹೇಳಲೇಬೇಕು. ಗಿರಣಿಯಿಂದ ಬಂದು ಬಸ್ಸಿಳಿದ. ತಿರುವಿನವರೆಗೆ ನಡೆದ. ಸ್ಟೀಲಿನ ಮೇಲೆ ಕೈಯಾಡಿಸಿ ನೋಡಿದ, ತಣ್ಣಗಿತ್ತು. ಕೂತ. ಬೆನ್ನು ಹಿಂದಕ್ಕೆ ಚೆಲ್ಲಿ, ಸತ್ತ ಚರ್ಮದ ಕತ್ತನ್ನು ಮದುಮಗಳ ತೋಳಿಗೆ ಒರಗಿಸಿ ಕಣ್ಣು ಮುಚ್ಚಿದ. ಯಾರೂ ಏಳು ಎನ್ನಲಿಲ್ಲ. ಕಣ್ಣಲ್ಲಿ ನೀರು ಬಂತು. ತೌಡಿನ ಧೂಳು ಎಂದು ಮನೆಯಲ್ಲಿ ಹೇಳಿದ.

ಕೇರಿಯವರೆಲ್ಲ ಕೂತರು. ಕೇರಿಯವರು ಕೂತರೆಂದು ಊರವರು ಅತ್ತ ಬರಲಿಲ್ಲ, ತಮ್ಮ ಕಟ್ಟೆಯೇ ಸಾಕೆಂದರು. ಬಸ್ಸು ಬಂದರೆ ಮರದವರೆಗೆ ಚೀಲ ಹಿಡಿದು ಓಡಬೇಕಿತ್ತು. ಇರಲಿ, ಓಡುವ ಮುಂಚೆ ಕೂತಿದ್ದೆವಲ್ಲ ಎಂದು ದುರುಗಪ್ಪ ಸಮಾಧಾನ ಹೇಳಿದ.

ಹೀಗೆ ಕೂತವರೆಲ್ಲ ಒರಗಿದರು. ಒರಗಿದವರೆಲ್ಲರ ತಲೆಗೆ ಎಣ್ಣೆಯಿತ್ತು. ತಿಂಗಳೊಪ್ಪತ್ತಿನಲ್ಲಿ ಮದುಮಗಳ ರೇಷ್ಮೆ ಸೀರೆಯುದ್ದಕ್ಕೂ ದುಂಡಗಿನ ಕಲೆಗಳು ಸಾಲಾಗಿ ಎದ್ದವು. ವಿಶ್ವಪ್ರಿಯರು ಓಡಿ ಬಂದರು. ಅವರು ಬೈಯಲಿಲ್ಲ. ಬೈದಿದ್ದರೆ ದುರುಗಪ್ಪನಿಗೆ ತಿರುಗಿ ಬೈಯಲು ಬರುತ್ತಿತ್ತು. ಅವರು ಕರ್ಚೀಫಿನಿಂದ ತಾವೇ ಕಲೆ ಒರೆಸುತ್ತ, ತಲೆಗೆ ಎಣ್ಣೆ ಹಚ್ಚಬೇಡಿ ಎಂದು ನಾನು ಹೇಳುವುದಿಲ್ಲ, ದಯವಿಟ್ಟು ಒರಗಬೇಡಿ ಎಂದರು. ನೀವು ಕೂತರೆ ಕತ್ತಿನ ಹಾರ ಮುಚ್ಚಿಹೋಗುತ್ತದೆ, ಹಾರ ಕಾಣದಿದ್ದರೆ ಅಂಗಡಿಯವರು ನಮಗೆ ದುಡ್ಡು ಕೊಡುವುದಿಲ್ಲ, ಅವರು ಕೊಡದಿದ್ದರೆ ನಿಮಗೆ ಈ ನೆರಳು ಇಲ್ಲ ಎಂದು ಮಗುವಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದರು. ಕೊನೆಗೆ ದುರುಗಪ್ಪನವರೆ, ನೀವು ತಿಳಿದವರು ಅಂದುಬಿಟ್ಟರು.

ತಿಳಿದವರು ಏನು ಮಾಡಿದರು ಕೇಳಿ. ದುರುಗಪ್ಪ ಕ್ಷಮೆ ಕೇಳಿದ. ಅಷ್ಟೇ ಅಲ್ಲ, ಅವತ್ತಿನಿಂದ ಸಂಜೆ ಸಂಜೆ ಬಸ್ಸಿಳಿದು, ಹೆಗಲ ಟವೆಲ್ಲು ಒದ್ದೆ ಮಾಡಿ ಮದುಮಗಳನ್ನು ಒರೆಸತೊಡಗಿದ. ಕೇರಿಯ ಹೆಂಗಸರಿಗೆ ನೆಟ್ಟಗೆ ಕೂರುವುದನ್ನು ಕಲಿಸಿದ. ಒರಗಿದವರನ್ನು ಗದರಿಸಿದ. ವಿಶ್ವಪ್ರಿಯರು ಮೆಚ್ಚಿ ಒಡವೆ ಅಂಗಡಿಯ ಹೆಸರಿರುವ ಟೀ ಶರ್ಟು ಕೊಟ್ಟರು, ಅದನ್ನೂ ಹಾಕಿಕೊಂಡ. ಕೇರಿಗೆ ಕೂರುವ ಜಾಗ ಕೊಡಿಸಿದ ನಾಯಕ ಈಗ ಆ ಜಾಗಕ್ಕೆ ಸಂಬಳವಿಲ್ಲದ ಕಾವಲುಗಾರ. ದಿನಾ ಇಷ್ಟು ಮೈ ಒರೆಸ್ತಿಯಲ್ಲ, ಆಕಿನ್ನ ಮನಿಗೇ ಕರಕೊಂಡು ಬಂದುಬಿಡು, ನನಗೂ ಒಂದು ಸರ ಸಿಕ್ಕೀತು ಎಂದು ಅಂಬಮ್ಮ ನಕ್ಕಳು. ಅವನಿಗೆ ಸಿಟ್ಟು ಬಂತು. ಆಮೇಲೆ ರಾತ್ರಿ ಉಣ್ಣುವಾಗ ತನಗೇ ನಗು ಬಂದು ಅನ್ನ ನೆತ್ತಿಗೇರಿತು.

ಇಷ್ಟಾದರೂ ಕಲೆ ನಿಲ್ಲಲಿಲ್ಲ. ಒಂದು ದಿನ ದುರುಗಪ್ಪ ಗಿರಣಿಯಲ್ಲಿದ್ದಾಗ ಏಜೆನ್ಸಿಯ ಆಳುಗಳು ಕಟರ್ ತಂದು ಬೆಂಚು ಕೊಯ್ದು ಹಾಕಿದರು. ಅದರ ಜಾಗದಲ್ಲಿ ಮುಂದಕ್ಕೆ ಓರೆಯಾದ ಎರಡು ಪೈಪು ಕೂರಿಸಿದರು. ಕುಂಡಿ ತಾಗಿಸಬಹುದು, ಕೂರಲಾಗದು. ಸಂಜೆ ದುರುಗಪ್ಪ ನೋಡದೆ ಕೂತ. ಜಾರಿದ. ನೆಲಕ್ಕೆ ಬಿದ್ದ ಏಟಿಗೆ ಬುತ್ತಿಯ ಡಬ್ಬಿ ಉರುಳಿ ರಸ್ತೆಗೆ ಹೋಯಿತು, ಮೊಣಕೈ ತರಚಿತು. ಟೀ ಶರ್ಟಿನ ಮೇಲಿನ ಅಂಗಡಿಯ ಹೆಸರು ಮಣ್ಣಾಯಿತು. ಬೇವಿನ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಲೇ ದುರುಗ, ನಿನ್ನ ಹೋರಾಟ ಜಾರಿ ಬಿತ್ತಲ್ಲಲೇ ಎಂದು ಗೌಡರು ಕೂಗಿ ಹೇಳಿದರು. ದುರುಗಪ್ಪ ಬಿದ್ದಲ್ಲಿಂದಲೇ ಹಲ್ಲು ಕಿರಿದ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿರುವಾಗಲೂ ಹಲ್ಲು ಕಿರಿಯುವ ವಿದ್ಯೆ ಅದು, ಅವನಪ್ಪ ಡಂಗುರದ ಜೊತೆಗೇ ಬಿಟ್ಟುಹೋದದ್ದು.

ವಿಶ್ವಪ್ರಿಯರಿಗೆ ಫೋನ್ ಮಾಡಿದ. ಜನ ಮಲಗುತ್ತಾರೆಂದು ದೂರು ಬಂದಿತ್ತು, ಈಗ ಪಟ್ಟಣಗಳಲ್ಲೆಲ್ಲ ಇದೇ ಡಿಸೈನು ಎಂದರು. ಕೂರುವುದು ಹೇಗೆ ಸಾರ್ ಎಂದು ಕೇಳಿದ. ಬಸ್ಸಿನಲ್ಲಿ ಸೀಟು ಇರುತ್ತದಲ್ಲ ದುರುಗಪ್ಪನವರೆ ಎಂದರು. ಅಷ್ಟು ಮರ್ಯಾದೆಯಿಂದ ಅವನನ್ನು ಯಾರೂ ಒದ್ದಿರಲಿಲ್ಲ. ಟೀ ಶರ್ಟು ಬಿಚ್ಚಿ ಒಲೆ ಒರೆಸಲು ಅಂಬಮ್ಮನಿಗೆ ಕೊಟ್ಟ.

ಅವರ ಮಗಳು ನೇತ್ರಾ ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಆಸ್ಪತ್ರೆಗೆ ಕುರುಗೋಡಿಗೆ ಹೋಗಬೇಕು, ಬಸ್ಸಿಗೆ ಬಿಸಿಲಲ್ಲಿ ಕಾಯಬೇಕು. ಓರೆ ಪೈಪಿನ ಮೇಲೆ ಅವಳು ಹೇಗೆ ಕೂತಾಳು? ಅಂಬಮ್ಮ ಮನೆಯ ಮುಂದಿನ ಬಟ್ಟೆ ಒಗೆಯುವ ಬಂಡೆಕಲ್ಲನ್ನು ನೋಡಿದಳು. ಅದನ್ನು ಹೊತ್ತುಹಾಕು, ಕುಂದ್ರಾಕ ಆಗತೈತಿ ಎಂದಳು. ಕಂಪನಿಯವರು ನಾಳೆಯೇ ಕಿತ್ತು ಎಸೆಯುತ್ತಾರೆ ಎಂದ ದುರುಗಪ್ಪ. ಅಂಬಮ್ಮ ಯೋಚಿಸಿದಳು.

"ಕಲ್ಲು ಕಿತ್ತಾರು. ದೇವ್ರನ್ನ ಯಾವನು ಕಿತ್ತಾನು?"

ಮನೆಯ ಮೂಲೆಯಲ್ಲಿ ಮಿಕ್ಸರ್ ಬಂದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ಒಳಕಲ್ಲಿನ ಗುಂಡಿತ್ತು. ಖಾರ ಅರೆದು ಅರೆದು ನುಣ್ಣಗಾಗಿ, ತಲೆಯ ಮೇಲೆ ಹಿಡಿಕೆಯ ತೂತು ಉಳಿದಿತ್ತು. ದುರುಗಪ್ಪ ನಸುಕಿನಲ್ಲಿ ಬಂಡೆಕಲ್ಲು ಹೊತ್ತು ತಂದು ಮದುಮಗಳ ಕಾಲಬುಡದಲ್ಲಿ, ಪೈಪಿನ ಪಕ್ಕ, ಬೋರ್ಡಿಗೆ ಒತ್ತಿ ಹಾಸಿದ. ಅಂಬಮ್ಮ ಅದರ ಒಂದು ತುದಿಗೆ ಗುಂಡನ್ನು ನಿಲ್ಲಿಸಿ ಅರಿಶಿನ ಮೆತ್ತಿದಳು, ಕುಂಕುಮ ಬಳಿದಳು, ಬೇವಿನ ಸೊಪ್ಪು ಕಟ್ಟಿ ನಿಂಬೆಹಣ್ಣು ಇಟ್ಟಳು. ದುರುಗಮ್ಮ ಎಂದು ಹೆಸರಿಟ್ಟಳು. ನಾಯಕನ ಹೆಸರೇ ಇರಲಿ, ಪಾಪ, ಶೆಲ್ಟರಿನ ಉದ್ಘಾಟನೆಯ ಕಲ್ಲಿನಲ್ಲಂತೂ ಬರಲಿಲ್ಲ ಎಂದಳು. ಅರ್ಧ ಬಂಡೆ ದೇವಿಗೆ, ಉಳಿದರ್ಧ ಕೇರಿಯವರ ಕುಂಡಿಗೆ.

ಕೆಲಸ ಮಾಡಿತು. ಏಜೆನ್ಸಿಯ ಆಳುಗಳು ಕಟರ್ ಹಿಡಿದು ಬಂದವರು ದೇವಿಯನ್ನು ನೋಡಿ, ಕಟರ್ ಕೆಳಗಿಟ್ಟು, ಕಣ್ಣಿಗೊತ್ತಿಕೊಂಡು ಹೋದರು. ವಿಶ್ವಪ್ರಿಯರು ಕಾರಿನಲ್ಲೇ ಕೂತು ಬಹಳ ಹೊತ್ತು ನೋಡಿದರು. ಇಳಿಯಲಿಲ್ಲ. ಕೇರಿಯವರು ದೇವಿಯ ಪಕ್ಕ ಕೂತು ಬೇಕಾದಷ್ಟು ಒರಗಿದರು. ದುರುಗಪ್ಪ ಮತ್ತೆ ಮೀಸೆ ತಿರುವಿದ. ಸರ್ಕಾರ ಕೊಡದ್ದನ್ನು, ಕಂಪನಿ ಕಿತ್ತುಕೊಂಡದ್ದನ್ನು ಒಂದು ಗುಂಡುಕಲ್ಲಿನಿಂದ ಗೆದ್ದೆವು ಎಂದು ಗಿರಣಿಯಲ್ಲೆಲ್ಲ ಹೇಳಿದ. ಗುಂಡು ಹೆಂಡತಿಯದು, ಬುದ್ಧಿಯೂ ಅವಳದು ಎಂಬುದನ್ನು ಹೇಳುವಷ್ಟು ಹೊತ್ತು ಊಟದ ಬಿಡುವಿನಲ್ಲಿ ಇರುತ್ತಿರಲಿಲ್ಲ.

ಆದರೆ ದೇವರು ಎಂಬುದು ಎಲ್ಲಿಟ್ಟರೆ ಅಲ್ಲೇ ಇರುವ ವಸ್ತುವಲ್ಲ. ಆ ತಿರುವಿನಲ್ಲಿ ಮೆಣಸಿನಕಾಯಿ ಲಾರಿಯೊಂದು ಪಲ್ಟಿ ಹೊಡೆಯುವುದರಲ್ಲಿದ್ದದ್ದು ಉಳಿಯಿತು. ಡ್ರೈವರ್ ಇಳಿದು ತೆಂಗಿನಕಾಯಿ ಒಡೆದ. ಮಾತು ದೂರದ ರಾರಾವಿಯವರೆಗೆ ಹೋಯಿತು. ಲಾರಿಯವರು ಕಾಸು ಎಸೆದರು. ಗೌಡರ ಸೊಸೆ ಏನೋ ಹರಕೆ ಹೊತ್ತಳು, ಅದು ಫಲಿಸಿತು. ಗೌಡರು ದೇವಿಗೆ ಬೆಳ್ಳಿಯ ಕಿರೀಟ ಮಾಡಿಸಿದರು. ಹಿಡಿಕೆಯ ತೂತಿಗೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಆಮೇಲೆ ನೆಲಕ್ಕೆ ಬಿಳಿ ಟೈಲ್ಸು, ಚಾವಣಿಗೆ ಗಂಟೆ, ಸುತ್ತ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೊಂದು ಗೇಟು, ಮಂಗಳವಾರಕ್ಕೊಬ್ಬ ಪೂಜಾರಿ. ಬಸ್ಸುಗಳೂ ಈಗ ಮರ ಬಿಟ್ಟು ದೇವಿಯ ಮುಂದೆಯೇ ನಿಲ್ಲತೊಡಗಿದವು. ಕೇರಿಯ ಮನುಷ್ಯರಿಗಾಗಿ ಅಷ್ಟು ದೂರ ಮುಂದೆ ಬರದ ಬಸ್ಸು, ಕೇರಿಯ ಗುಂಡುಕಲ್ಲಿಗಾಗಿ ಬಂತು.

ವಿಶ್ವಪ್ರಿಯರೂ ಬಂದರು, ಈ ಸಲ ಚಪ್ಪಲಿ ಬಿಟ್ಟು ಇಳಿದರು. ಮಾಸಿದ ಮದುಮಗಳನ್ನು ಕಿತ್ತು ಹೊಸಬಳನ್ನು ಕೂರಿಸಿದರು. ಅವಳ ಕೆಳಗೆ ಒಡವೆ ಅಂಗಡಿಯ ಪರವಾಗಿ ಭಕ್ತಾದಿಗಳಿಗೆ ಸ್ವಾಗತ ಎಂದು ಬರೆಸಿದರು. ಕೈ ಮುಗಿದವರೆಲ್ಲ ತಲೆ ಎತ್ತಿದರೆ ಹಾರವೇ ಕಾಣುತ್ತಿತ್ತು. ನಿಮ್ಮಿಂದ ಭಾಳ ಛಲೋ ಆತು ದುರುಗಪ್ಪನವರೆ ಎಂದು ಮನಸಾರೆ ಹೇಳಿ ಹೋದರು.

ಗೇಟು ಬಂದ ದಿನವೇ ಗೌಡರು ಮಾತು ಮುಗಿಸಿದ್ದರು. ಗುಡಿ ಅಂದ ಮೇಲೆ ಮಡಿ ಮೈಲಿಗೆ ನೋಡಬೇಕು, ನಿಮ್ಮವರು ಹೊರಗಿನಿಂದ ಕೈ ಮುಗಿಯಲಿ ಎಂದು. ದುರುಗಪ್ಪ ಕೇಸು ಹಾಕಬಹುದಿತ್ತು. ಕಾನೂನಿನ ಕಲಮುಗಳು ಅವನಿಗೆ ಬಾಯಿಪಾಠ, ಜಯಂತಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. ಆದರೆ ಗೌಡರು ಹೇಳುತ್ತಿದ್ದಾಗ ಅವನ ಮೊಣಕಾಲು ನೆಟ್ಟಗೆ ನಿಂತಿದ್ದವು, ಕೈ ಕಟ್ಟಿಕೊಂಡಿದ್ದವು, ಬಾಯಿ ಆಗಲಿ ಧಣಿ ಎಂದಿತ್ತು. ಅವತ್ತು ರಾತ್ರಿ ಅಂಬಮ್ಮ ತಮಾಷೆ ಮಾಡಲಿಲ್ಲ. ಕೂರಲಿಕ್ಕೆಂದು ಶೆಲ್ಟರ್ ತರಿಸಿದ, ಅದು ಮದುಮಗಳದಾಯಿತು. ಮದುಮಗಳ ಮುಂದೆ ದೇವಿಯನ್ನು ತಂದ, ಅವಳು ಗೌಡರವಳಾದಳು. ಮತ್ತೆ ಕೇರಿಯವರು ನಿಂತರು, ಈಗ ಗ್ರಿಲ್ಲಿನ ನೆರಳಲ್ಲಿ. ಗ್ರಿಲ್ಲಿಗೆ ಎಷ್ಟು ನೆರಳು ಇರುತ್ತದೆ?

ಒಂದು ಮಂಗಳವಾರ ನೇತ್ರಾಳ ಆಸ್ಪತ್ರೆಯ ದಿನ ಬಂತು. ದಿನ ತುಂಬಿದ ಬಸುರಿ. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಅಂಬಮ್ಮ ಒಂದು ಕಡೆ, ದುರುಗಪ್ಪ ಒಂದು ಕಡೆ ಹಿಡಿದು ಕ್ರಾಸಿಗೆ ನಡೆಸಿಕೊಂಡು ಬಂದರು. ಬಿಸಿಲು ನೆತ್ತಿ ಸೀಳುತ್ತಿತ್ತು. ಪೂಜೆ ಮುಗಿದು ಪೂಜಾರಿ ಚಹಾದಂಗಡಿಗೆ ಹೋಗಿದ್ದ, ಗೇಟು ತೆರೆದಿತ್ತು. ನೇತ್ರಾ ಇಬ್ಬರ ಕೈಯನ್ನೂ ಬಿಡಿಸಿಕೊಂಡಳು. ಗೇಟಿನೊಳಗೆ ಹೋದಳು, ಚಪ್ಪಲಿ ಸಮೇತ. ಬಂಡೆಯ ಮೇಲೆ, ದೇವಿಯ ಪಕ್ಕದ ಅರ್ಧದಲ್ಲಿ, ಹೊಟ್ಟೆ ಹಿಡಿದು ಕೂತಳು. ಉಸ್ಸೆಂದಳು.

ಬೇವಿನ ಕಟ್ಟೆಯ ಮೇಲೆ ಕೂತಿದ್ದ ಗೌಡರು ಇತ್ತ ತಿರುಗಿದರು. ತಿಪ್ಪೇಸ್ವಾಮಿ ಲೋಟ ತೊಳೆಯುವುದನ್ನು ಬಿಟ್ಟ.

"ಏಳವ್ವ, ಏಳು. ಹೊರಗ ಬಾ," ಎಂದ ದುರುಗಪ್ಪ.

ಅಂದದ್ದು ಅವನೇ. ಟ್ಯಾಂಕರ್ ಬೇಕಾಗಲಿಲ್ಲ. ಕಟರ್ ಬೇಕಾಗಲಿಲ್ಲ. ಗೌಡರಿನ್ನೂ ಕಟ್ಟೆಯಿಂದ ಕೆಳಗಿಳಿದೇ ಇರಲಿಲ್ಲ. ಕೇರಿಯವರು ಕೂರಬೇಕೆಂದು ಇಷ್ಟು ವರ್ಷ ಹೋರಾಡಿದ ಮಹಾನಾಯಕನ ಬಾಯಿಯೇ ಎಲ್ಲರಿಗಿಂತ ಮೊದಲು ತುಂಬುಬಸುರಿ ಮಗಳನ್ನು ಎಬ್ಬಿಸಿತ್ತು.

ನೇತ್ರಾ ಅಪ್ಪನ ಮುಖ ನೋಡಿದಳು. ಅವಳಿಗೆ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು.

"ಎದಕ್ಕಪ್ಪ?"

ದುರುಗಪ್ಪನ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಕಟ್ಟೆಯ ಕಡೆಯಿಂದ ಗೌಡರು ಪಂಚೆ ಎತ್ತಿಕಟ್ಟುತ್ತ ಬರುತ್ತಿದ್ದರು. ಅವರ ಹೆಜ್ಜೆ ಸಮೀಪಿಸಿದಷ್ಟೂ ಅವನಿಗೆ ತನ್ನ ಮೇಲೆ ಹೇಸಿಗೆ ಹೆಚ್ಚಿತು. ಗೇಟು ದಾಟಿದ. ಚಪ್ಪಲಿ ಬಿಡಲಿಲ್ಲ. ಬಿಳಿ ಟೈಲ್ಸಿನ ಮೇಲೆ ಕೇರಿಯ ಮಣ್ಣು ಅಚ್ಚೊತ್ತಿತು. ಮಗಳ ಪಕ್ಕ, ಅವಳಿಗೂ ಗುಂಡಿಗೂ ನಡುವೆ ಉಳಿದ ಜಾಗದಲ್ಲಿ ಕೂತ. ಕತ್ತು ಹಿಂದಕ್ಕೆ ಚೆಲ್ಲಿ ಹೊಸ ಮದುಮಗಳ ಹಾರಕ್ಕೆ ಸರಿಯಾಗಿ ಎಣ್ಣೆ ತಲೆ ಒರಗಿಸಿದ.

"ಲೇ ದುರುಗ, ತಲಿ ಕೆಟ್ಟೈತೇನಲೇ? ಏಳಲೇ ಮ್ಯಾಲ," ಎಂದರು ಗೌಡರು, ಗೇಟಿನ ಹೊರಗಿನಿಂದ.

ಮೊಣಕಾಲು ಎದ್ದವು. ಸುಳ್ಳೇಕೆ ಹೇಳುವುದು, ಎದ್ದವು. ಬಂಡೆಯಿಂದ ಅವನ ಕುಂಡಿ ಒಂದು ಬೆರಳಷ್ಟು ಮೇಲಕ್ಕೆ ಬಂದಿತ್ತು. ಅಷ್ಟರಲ್ಲಿ ಅಂಬಮ್ಮ ಒಳಗೆ ಬಂದು, ಮಗಳ ಆ ಬದಿಗೆ ಒತ್ತಿಕೊಂಡು ಕೂತು, ಆಸ್ಪತ್ರೆಯ ಚೀಲವನ್ನು ಅವನ ತೊಡೆಯ ಮೇಲೆ ಧೊಪ್ಪೆಂದು ಇಟ್ಟಳು. ಒಳಗಿದ್ದದ್ದು ಒಂದು ಬಾಟಲಿ ನೀರು, ಒಂದು ಸೀರೆ, ಬುತ್ತಿ. ಕ್ವಿಂಟಲ್ ಚೀಲ ಹೊತ್ತು ಏಣಿ ಹತ್ತುವವನಿಗೆ ಅದು ಭಾರವೇ ಅಲ್ಲ. ಆದರೂ ಮೊಣಕಾಲು ಕೆಳಗಿಳಿದವು. ಅವನು ಎರಡೂ ಕೈಯಿಂದ ಚೀಲವನ್ನು ಅವುಗಳ ಮೇಲೆ ಒತ್ತಿ ಹಿಡಿದ.

"ಏಳಂಗಿಲ್ಲ, ಗೌಡ್ರ."

ದನಿ ಗುಡುಗಲಿಲ್ಲ. ಮೈಕಿನಲ್ಲಿ ಬರುತ್ತಿದ್ದ ದನಿಯ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ, ನಡುವೆ ಒಡೆದೂ ಹೋಯಿತು. ಆದರೆ ಗೌಡರಿಗೆ ಕೇಳಿಸಿತು. ಅವರ ಮುಖ ಕೆಂಪಾಯಿತು. ದೇವಿ ಮೈಲಿಗೆಯಾದಳು, ಊರಿಗೆ ಕೇಡು ಬರುತ್ತದೆ, ಬಸುರಿಯ ಹೊಟ್ಟೆಗೆ ತಟ್ಟುತ್ತದೆ ಎಂದು ಕೂಗಾಡಿದರು. ಹೊಟ್ಟೆಯ ಮಾತು ಬಂದಾಗ ಅಂಬಮ್ಮ ತಲೆಯೆತ್ತಿದಳು.

"ಆ ಗುಂಡು ನನ್ನ ಒಳಕಲ್ಲಿಂದು ಗೌಡ್ರ. ಖಂಡದ ಸಾರಿನ ಖಾರ ಅರಿಯೋದು. ಕಿರೀಟ ತಗದು ನೋಡ್ರಿ, ಹಿಡಿಕಿ ತೂತು ಐತಿ. ನಿಮ್ಮ ಮನಿಮಂದಿ ಎಲ್ಲಾ ಅದಕ್ಕ ಅಡ್ಡಬಿದ್ದೀರಿ. ನಿಮಗೇನೂ ತಟ್ಟಿಲ್ಲ, ನನ್ನ ಮಗಳಿಗ್ಯಾಕ ತಟ್ಟತೈತಿ?"

ಗೌಡರ ಕೈ ತಮ್ಮ ಹಣೆಯ ಮೇಲಿದ್ದ ದೇವಿಯ ಕುಂಕುಮದ ಕಡೆಗೆ ಹೋಯಿತು. ಒರೆಸಿಕೊಳ್ಳಬೇಕೋ ಬೇಡವೋ ತಿಳಿಯದೆ ಅಲ್ಲೇ ನಿಂತಿತು. ಕಟ್ಟೆಯ ಮೇಲಿದ್ದವರಲ್ಲಿ ಯಾರೋ ಒಬ್ಬ ಕಿಸಕ್ಕೆಂದ. ಗೌಡರು ತಿರುಗಿ ನೋಡಿದಾಗ ಎಲ್ಲರ ಬಾಯಿಯೂ ಮುಚ್ಚಿತ್ತು. ಅವರು ಫೋನ್ ತೆಗೆದು ಹುಡುಗರನ್ನು ಕರೆದರು. ಗಾಡಿ ತಗೊಂಡು ಎಲ್ಲರೂ ಬರ್ರಿ ಎಂದದ್ದು ದುರುಗಪ್ಪನಿಗೂ ಕೇಳುವಂತಿತ್ತು, ಅವನಿಗೆ ಕೇಳಲೆಂದೇ ಹೇಳಿದ್ದು. ಅವನ ಬೆನ್ನಲ್ಲಿ ಬೆವರು ಇಳಿಯಿತು. ಏಟು ಬೀಳುತ್ತದೆ, ಅದರಲ್ಲಿ ಸಂಶಯವಿರಲಿಲ್ಲ. ನಾಳೆ ಗಿರಣಿಯಲ್ಲಿ ಕೆಲಸ ಇರುತ್ತದೋ ಇಲ್ಲವೋ, ಗೌಡರ ಭತ್ತವೂ ಅಲ್ಲಿಗೇ ಬರುವುದು. ಇಂಥ ಹೊತ್ತಿನಲ್ಲಿ ಯಾವಾಗಲೂ ಕಿರಿಯುವ ಹಲ್ಲನ್ನು ಅವನು ತುಟಿಯೊಳಗೆ ಕಚ್ಚಿ ಹಿಡಿದ. ಇಷ್ಟು ದಿನ ಕೂತು ಕಳೆದುಕೊಂಡದ್ದು ಬುತ್ತಿಯ ಡಬ್ಬಿ ಮಾತ್ರ, ಇವತ್ತು ಸರಿಯಾಗಿ ಕೂತಿದ್ದೇನೆ ಎಂದುಕೊಂಡ.

ಅಷ್ಟರಲ್ಲಿ ಕುರುಗೋಡಿನ ಬಸ್ಸು ಬಂತು. ದೇವಿಯ ಮುಂದೆ ನಿಂತಿತು. ಡ್ರೈವರ್ ಅಭ್ಯಾಸದಂತೆ ಸ್ಟಿಯರಿಂಗ್ ಬಿಟ್ಟು ಕೈ ಮುಗಿದವನು, ಎದುರಿಗೆ ದೇವಿಯ ಸಾಲಿನಲ್ಲೇ ಮೂವರು ಕೂತದ್ದನ್ನು ಕಂಡು ಕೈ ಇಳಿಸುವುದನ್ನು ಮರೆತ. ಕಂಡಕ್ಟರ್ ಬಾಗಿಲಿಗೆ ಬಂದು, ಕುರುಗೋಡು, ಬಳ್ಳಾರಿ, ಜಲ್ದಿ ಹತ್ರಿ ಎಂದು ಕೂಗಿದ.

ದುರುಗಪ್ಪ ಮಗಳ ಕಡೆ ನೋಡಿದ. ಎದ್ದು ಹತ್ತಿದರೆ ಗೌಡರ ಹುಡುಗರ ಕೈಗೆ ಸಿಗುವುದಿಲ್ಲ. ಎದ್ದರೆ ಹಿಂದಿನಿಂದ ಬಂಡೆ ತೊಳೆಯಲು ಟ್ಯಾಂಕರ್ ಬರುತ್ತದೆ. ನೇತ್ರಾಳಿಗೂ ಅದು ತಿಳಿದಿತ್ತು. ಅವಳು ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಊದಿದ ಪಾದದ ಚಪ್ಪಲಿಯ ಪಟ್ಟಿ ಸಡಿಲಿಸಿಕೊಂಡಳು. ಮುಂದಿನ ಬಸ್ಸಿಗೆ ಹೋಗಾಣು ಅಪ್ಪ ಎಂದು ಮೆಲ್ಲಗೆ ಹೇಳಿ, ತಲೆಯನ್ನು ಹಿಂದಕ್ಕೆ ಒರಗಿಸಿದಳು. ಅವಳ ತಲೆಗೂ ಬೆಳಿಗ್ಗೆ ಅಂಬಮ್ಮ ಎಣ್ಣೆ ಹಚ್ಚಿದ್ದಳು.

"ಬರ್ತೀರೇನ್ರಿ, ಇಲ್ಲೋ?" ಎಂದ ಕಂಡಕ್ಟರ್.

"ನೀವು ಹೋಗ್ರಿ ಅಣ್ಣ," ಎಂದ ದುರುಗಪ್ಪ. "ನಾವು ಈಗಷ್ಟ ಕುಂತೀವಿ."